ಮಕ್ಕಳ ಕಣ್ಣುಗೂಡಿನ ಗಡ್ಡೆ: ಶಸ್ತ್ರಚಿಕಿತ್ಸೆ ಯಾವಾಗ, ಹೇಗೆ?



ನಮ್ಮ ಹಳ್ಳಿಗಳಲ್ಲಿ 'ಕಣ್ಣಿನ ಆಪರೇಷನ್' ಎಂದೊಡನೆ ಹಿರಿಯರಿಗೆ ನೆನಪಾಗುವುದು ಪೊರೆ ತೆಗೆಯುವ ಚಿಕಿತ್ಸೆ. ಡಾ. ಎಂ.ಸಿ. ಮೋದಿಯವರಂಥ ವೈದ್ಯರು ಕರ್ನಾಟಕದ ಊರೂರುಗಳಲ್ಲಿ ಶಿಬಿರ ನಡೆಸಿ ಸಾವಿರಾರು ಜನರಿಗೆ ಬೆಳಕು ಕೊಟ್ಟರು. ಅಜ್ಜ ಅಜ್ಜಿಯರ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದನ್ನು, ಪಟ್ಟಿ ಬಿಚ್ಚಿದ ಮೇಲೆ ಅವರು ಮೊಮ್ಮಕ್ಕಳ ಮುಖ ನೋಡಿ ನಕ್ಕಿದ್ದನ್ನು ನಿಮ್ಮಲ್ಲಿ ಅನೇಕರು ಕೇಳಿ ಬಲ್ಲಿರಿ. ಆದರೆ ಕಣ್ಣಿನ ಕಾಯಿಲೆ ಎಂದರೆ ಮುಪ್ಪಿನ ಕಾಯಿಲೆ ಎಂಬ ಭಾವನೆಯೂ ಇದರ ಜೊತೆಗೇ ಬೆಳೆದುಬಿಟ್ಟಿದೆ. ಹಾಲುಗೂಸಿಗೂ ಶಾಲೆಗೆ ಹೋಗುವ ಹುಡುಗನಿಗೂ ಕಣ್ಣಿನ ಒಳಗೆ ಅಥವಾ ಹಿಂದೆ ಗಡ್ಡೆ ಬೆಳೆಯಬಹುದು. ಈ ಗಡ್ಡೆಗಳಿಗೆ ಶಿಬಿರದಲ್ಲಿ ಚಿಕಿತ್ಸೆ ಸಾಧ್ಯವಿಲ್ಲ. ಇವುಗಳಲ್ಲಿ ಕೆಲವು ತಡವಾದರೆ ಕಣ್ಣನ್ನಷ್ಟೇ ಅಲ್ಲ, ಪ್ರಾಣವನ್ನೂ ತೆಗೆಯುತ್ತವೆ.

ಇಂಥ ಗಡ್ಡೆಗಳು ಅಪರೂಪ. ಅಪರೂಪವಾದ್ದರಿಂದಲೇ ಅವನ್ನು ಗುರುತಿಸುವುದು ತಡವಾಗುತ್ತದೆ. ಆದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಂಥ ಕಡೆ, ತಜ್ಞ ವೈದ್ಯರಿಂದ ದೂರವಿರುವ ಮನೆಗಳಲ್ಲಿ, ಓದು ಬಲ್ಲ ಒಬ್ಬ ಅಣ್ಣನೋ ಅಕ್ಕನೋ ಈ ವಿಷಯ ತಿಳಿದಿದ್ದರೆ ಅದರ ಬೆಲೆ ದೊಡ್ಡದು.

ಕಣ್ಣುಗೂಡು ಎಂದರೇನು?

ಕನ್ನಡಿಯ ಮುಂದೆ ನಿಂತು ಕಣ್ಣಿನ ಸುತ್ತ ಬೆರಳಾಡಿಸಿ ನೋಡಿ. ಮೇಲೆ ಹುಬ್ಬಿನ ಕೆಳಗೆ, ಕೆಳಗೆ ಕೆನ್ನೆಯ ಮೇಲೆ, ಪಕ್ಕದಲ್ಲಿ ಕಪಾಲದ ಕಡೆ ಗಟ್ಟಿಯಾದ ಮೂಳೆಯ ಅಂಚು ಕೈಗೆ ಸಿಗುತ್ತದೆ. ಈ ಅಂಚಿನಿಂದ ಹಿಂದಕ್ಕೆ ಆಲಿಕೆಯಂತೆ ಕಿರಿದಾಗುತ್ತಾ ಹೋಗುವ ಮೂಳೆಯ ಗುಳಿಯೇ ಕಣ್ಣುಗೂಡು ಅಥವಾ ನೇತ್ರಕೂಪ. ತಲೆಬುರುಡೆಯ ಏಳು ಮೂಳೆಗಳು ಕೂಡಿ ಇದಾಗಿದೆ. ವಯಸ್ಕರಲ್ಲಿ ಇದರ ಆಳ ಸುಮಾರು 4.5 ಸೆಂಟಿಮೀಟರ್, ಒಳ ಅಳತೆ ಸುಮಾರು 30 ಮಿಲಿಲೀಟರ್. ಕಣ್ಣುಗುಡ್ಡೆಗೆ ಬೇಕಾಗುವ ಜಾಗ ಸುಮಾರು 7 ಮಿಲಿಲೀಟರ್ ಮಾತ್ರ. ಉಳಿದ ಜಾಗದಲ್ಲಿ ಕಣ್ಣನ್ನು ತಿರುಗಿಸುವ ಆರು ಸ್ನಾಯುಗಳು, ರೆಪ್ಪೆ ಎತ್ತುವ ಒಂದು ಸ್ನಾಯು, ರಕ್ತನಾಳಗಳು, ನರಗಳು, ಕಣ್ಣೀರಿನ ಗ್ರಂಥಿ ಇವೆ. ಇವೆಲ್ಲದರ ನಡುವೆ ಮೆತ್ತೆಯಂತೆ ಕೊಬ್ಬು ತುಂಬಿದೆ. ಕಣ್ಣು ಕಂಡದ್ದನ್ನು ಮಿದುಳಿಗೆ ಒಯ್ಯುವ ದೃಷ್ಟಿನರ ಈ ಆಲಿಕೆಯ ತುದಿಯ ರಂಧ್ರದಿಂದ ಹೊರಟು ಮಿದುಳನ್ನು ಸೇರುತ್ತದೆ.

ಈ ಗೂಡಿನ ನೆರೆಹೊರೆಯನ್ನೂ ಗಮನಿಸಬೇಕು. ಚಾವಣಿಯ ಮೇಲೆ ಮಿದುಳಿದೆ. ನೆಲದ ಕೆಳಗೆ ಮತ್ತು ಮೂಗಿನ ಪಕ್ಕದಲ್ಲಿ ಗಾಳಿ ತುಂಬಿದ ಸೈನಸ್ ಕುಹರಗಳಿವೆ. ಮೂಗಿನ ಕಡೆಯ ಗೋಡೆ ಕಾಗದದಷ್ಟು ತೆಳುವು. ಆದ್ದರಿಂದ ಕಣ್ಣುಗೂಡಿನಲ್ಲಿ ಕತ್ತರಿ ಆಡಿಸುವುದೆಂದರೆ ಮೂರು ಕಡೆ ಅಮೂಲ್ಯ ವಸ್ತುಗಳಿರುವ ಸಣ್ಣ ಕೋಣೆಯಲ್ಲಿ ಕೆಲಸ ಮಾಡಿದ ಹಾಗೆ. ಮಗುವಿನಲ್ಲಿ ಆ ಕೋಣೆ ಇನ್ನೂ ಚಿಕ್ಕದು.

ಕಣ್ಣು ಏಕೆ ಮುಂದೆ ಬರುತ್ತದೆ?

ಗೂಡಿನ ಗೋಡೆಗಳು ಮೂಳೆ, ಅವು ಹಿಗ್ಗುವುದಿಲ್ಲ. ತೆರೆದಿರುವುದು ಮುಂಭಾಗ ಒಂದೇ. ಒಳಗೆ ಗಡ್ಡೆ ಬೆಳೆದರೆ ಜಾಗಕ್ಕಾಗಿ ಕಣ್ಣುಗುಡ್ಡೆಯನ್ನು ಹೊರಗೆ ತಳ್ಳುತ್ತದೆ. ಯಾವ ಕಡೆಗೆ ತಳ್ಳಿದೆ ಎಂಬುದರಿಂದಲೇ ವೈದ್ಯರು ಗಡ್ಡೆ ಎಲ್ಲಿದೆ ಎಂದು ಊಹಿಸುತ್ತಾರೆ. ಕಣ್ಣಿನ ನೇರ ಹಿಂದೆ ಇದ್ದರೆ ಕಣ್ಣು ನೇರವಾಗಿ ಮುಂದಕ್ಕೆ ಉಬ್ಬುತ್ತದೆ. ಮೇಲ್ಭಾಗದಲ್ಲಿದ್ದರೆ ಕಣ್ಣು ಕೆಳಕ್ಕೆ ಜಾರುತ್ತದೆ. ಮೂಗಿನ ಕಡೆ ಇದ್ದರೆ ಕಿವಿಯ ಕಡೆಗೆ ಸರಿಯುತ್ತದೆ. ಗಡ್ಡೆ ದೃಷ್ಟಿನರವನ್ನು ಒತ್ತಿದರೆ ನೋಟ ಮಂಕಾಗುತ್ತದೆ. ಸ್ನಾಯುವಿಗೆ ಅಡ್ಡಿಯಾದರೆ ಮಾಲುಗಣ್ಣು ಕಾಣಿಸಿಕೊಳ್ಳುತ್ತದೆ.

ಎಲ್ಲ ಗಡ್ಡೆಯೂ ಒಂದೇ ಅಲ್ಲ

'ಗಡ್ಡೆ' ಎಂಬ ಮಾತು ಕೇಳಿದೊಡನೆ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಮಕ್ಕಳ ಕಣ್ಣುಗೂಡಿನಲ್ಲಿ ಹೆಚ್ಚಾಗಿ ಕಾಣುವ ಅನೇಕ ಗಡ್ಡೆಗಳು ಸಾಧು ಸ್ವಭಾವದವು.

ಮೊದಲನೆಯದು ಡರ್ಮಾಯ್ಡ್ ಚೀಲ. ಮಗು ಗರ್ಭದಲ್ಲಿ ರೂಪುಗೊಳ್ಳುವಾಗ ಮೂಳೆಗಳು ಬೆಸೆದುಕೊಳ್ಳುವ ಜಾಗದಲ್ಲಿ ಚರ್ಮದ ಒಂದು ಚೂರು ಸಿಕ್ಕಿಕೊಂಡು ಬಿಡುತ್ತದೆ. ಅದು ಒಳಗೇ ಜಿಡ್ಡನ್ನೂ ಕೂದಲನ್ನೂ ಉತ್ಪಾದಿಸುತ್ತಾ ನಿಧಾನವಾಗಿ ಬೆಳೆಯುತ್ತದೆ. ಹುಬ್ಬಿನ ಹೊರತುದಿಯಲ್ಲಿ ಬಟಾಣಿ ಕಾಳಿನಂತೆ ನೋವಿಲ್ಲದ ಗಂಟು ಕಾಣುವುದು ಇದರ ಸಾಮಾನ್ಯ ಲಕ್ಷಣ. ಶಸ್ತ್ರಚಿಕಿತ್ಸೆಯೇ ಇದಕ್ಕೆ ಮದ್ದು. ಆದರೆ ಚೀಲ ಒಡೆಯದಂತೆ ಇಡಿಯಾಗಿ ಬಿಡಿಸಿ ತೆಗೆಯಬೇಕು. ಒಡೆದರೆ ಒಳಗಿನ ಜಿಡ್ಡು ಸುತ್ತಲೂ ಉರಿಯೂತ ಎಬ್ಬಿಸುತ್ತದೆ, ಚೂರು ಉಳಿದರೆ ಗಂಟು ಮತ್ತೆ ಬೆಳೆಯುತ್ತದೆ.

ಎರಡನೆಯದು ರಕ್ತನಾಳಗಳ ಗಂಟು, ಅಂದರೆ ಹೆಮಾಂಜಿಯೋಮ. ಹುಟ್ಟಿದ ಕೆಲವು ವಾರಗಳಲ್ಲಿ ರೆಪ್ಪೆಯ ಮೇಲೆ ಕೆಂಪಗೆ ಕಾಣಿಸಿಕೊಂಡು ಮೊದಲ ವರ್ಷದಲ್ಲಿ ಬೇಗ ಬೆಳೆದು, ಆಮೇಲೆ ವರ್ಷಗಳ ಕಾಲ ತಾನಾಗಿಯೇ ಕುಗ್ಗುತ್ತದೆ. ಹಾಗಾದರೆ ಬಿಟ್ಟುಬಿಡಬಹುದೇ? ಯಾವಾಗಲೂ ಅಲ್ಲ. ಅದು ರೆಪ್ಪೆಯನ್ನು ಮುಚ್ಚಿಬಿಟ್ಟರೆ ಅಥವಾ ಕಣ್ಣುಗುಡ್ಡೆಯ ಆಕಾರ ಬದಲಾಗುವಷ್ಟು ಒತ್ತಿದರೆ, ಆ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಇದಕ್ಕೆ 'ಸೋಮಾರಿ ಕಣ್ಣು' ಎನ್ನುತ್ತಾರೆ. 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಹೃದಯದ ತೊಂದರೆಗೆಂದು ಪ್ರೊಪ್ರಾನೊಲಾಲ್ ಔಷಧ ಕೊಟ್ಟ ಮಗುವಿನಲ್ಲಿ ಇಂಥ ಗಂಟು ಕುಗ್ಗಿದ್ದನ್ನು ಕಂಡು ವರದಿ ಮಾಡಿದರು. ಅಂದಿನಿಂದ ಇದಕ್ಕೆ ಕತ್ತರಿಯ ಬದಲು ವೈದ್ಯರ ನಿಗಾದಲ್ಲಿ ಕೊಡುವ ಈ ಔಷಧವೇ ಮೊದಲ ಆಯ್ಕೆಯಾಗಿದೆ.

ಮೂರನೆಯದು ದೃಷ್ಟಿನರದ ಗಡ್ಡೆ, ಗ್ಲಯೋಮ. ಇದು ಬಹು ನಿಧಾನವಾಗಿ ಬೆಳೆಯುತ್ತದೆ. ತೆಗೆಯಬೇಕಾದರೆ ದೃಷ್ಟಿನರವನ್ನೇ ಕತ್ತರಿಸಬೇಕು. ಆದ್ದರಿಂದ ನೋಟ ಉಳಿದಿರುವವರೆಗೆ ವೈದ್ಯರು ಕಾದು ನೋಡುತ್ತಾರೆ ಅಥವಾ ಔಷಧ ಕೊಡುತ್ತಾರೆ.

ಇನ್ನು ಮಾರಕವಾದವು. ರಾಬ್ಡೋಮಯೋಸಾರ್ಕೋಮ ಎಂಬ ಕ್ಯಾನ್ಸರ್ ಹೆಚ್ಚಾಗಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕಾಣುತ್ತದೆ. ನಿನ್ನೆ ಮೊನ್ನೆ ಸರಿಯಿದ್ದ ಕಣ್ಣು ದಿನಗಳಲ್ಲಿ, ವಾರಗಳಲ್ಲಿ ಉಬ್ಬಿಬಿಡುತ್ತದೆ. ಮಗು ಆಡುವಾಗ ಬಿದ್ದಿತ್ತು, ಚೆಂಡು ತಗುಲಿತ್ತು ಎಂದು ಮನೆಯವರು ಕಾರಣ ಹುಡುಕುತ್ತಾರೆ, ಸೋಂಕು ಇರಬಹುದೆಂದು ಮಾತ್ರೆ ನುಂಗಿಸುತ್ತಾರೆ. ಅಷ್ಟರಲ್ಲಿ ಅಮೂಲ್ಯ ದಿನಗಳು ಕಳೆಯುತ್ತವೆ. ರಕ್ತದ ಕ್ಯಾನ್ಸರ್ ಮತ್ತು ಹೊಟ್ಟೆಯಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮ ಕೂಡ ಕೆಲವೊಮ್ಮೆ ಕಣ್ಣು ಉಬ್ಬುವುದರಿಂದಲೇ ಮೊದಲು ಪತ್ತೆಯಾಗುತ್ತವೆ.

ರೆಟಿನೋಬ್ಲಾಸ್ಟೋಮ ಹುಟ್ಟುವುದು ಕಣ್ಣುಗುಡ್ಡೆಯ ಒಳಗೆ, ಅಕ್ಷಿಪಟಲದಲ್ಲಿ. ಸುಮಾರು 15,000ದಿಂದ 20,000 ಜನನಗಳಿಗೆ ಒಂದು ಮಗುವಿನಲ್ಲಿ ಇದು ಕಾಣುತ್ತದೆ. ಹೆಚ್ಚಿನವರಿಗೆ ಐದು ವರ್ಷ ತುಂಬುವ ಮೊದಲೇ ಬರುತ್ತದೆ. ಕಣ್ಣಪಾಪೆಯಲ್ಲಿ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು ಇದರ ಮೊದಲ ಚಿಹ್ನೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬೆಳ್ಳಗೂ ಕಂಡರೆ ಅದನ್ನು ಕ್ಯಾಮೆರಾದ ದೋಷವೆಂದು ಬಿಡಬಾರದು. ಈ ಹಂತದಲ್ಲಿ ಬಂದ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಬದುಕುತ್ತಾರೆ. ತಡವಾದರೆ ಕ್ಯಾನ್ಸರ್ ಕಣ್ಣುಗುಡ್ಡೆಯನ್ನು ದಾಟಿ ಕಣ್ಣುಗೂಡಿಗೆ ಹರಡುತ್ತದೆ, ದೃಷ್ಟಿನರದ ಗುಂಟ ಮಿದುಳಿಗೆ ಏರುತ್ತದೆ.

ಮೊದಲು ಗುರುತು, ಆಮೇಲೆ ಕತ್ತರಿ

ಒಂದು ಗಡ್ಡೆಗೆ ಕತ್ತರಿ ಬೇಕು, ಇನ್ನೊಂದಕ್ಕೆ ಔಷಧ ಬೇಕು, ಮತ್ತೊಂದಕ್ಕೆ ಕಾಯುವುದೇ ಸರಿ ಎಂದಾದಾಗ, ಯಾವ ಗಡ್ಡೆ ಎಂದು ತಿಳಿಯುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಇದಕ್ಕೆ ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಎಂಬ ಮೂರು ಬಗೆಯ ಚಿತ್ರಗಳು ನೆರವಾಗುತ್ತವೆ. ಸಿ.ಟಿ. ಸ್ಕ್ಯಾನ್ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದರಲ್ಲಿ ಕ್ಷಕಿರಣವಿದೆ. ಎಂ.ಆರ್.ಐ.ನಲ್ಲಿ ಕ್ಷಕಿರಣವಿಲ್ಲ, ನರ ಮತ್ತು ಮಿದುಳು ಸ್ಪಷ್ಟವಾಗಿ ಕಾಣುತ್ತವೆ. ಚಿಕ್ಕ ಮಗು ಅಲುಗಾಡದೆ ಮಲಗಲಾರದು, ಆದ್ದರಿಂದ ಅನೇಕ ವೇಳೆ ಪರೀಕ್ಷೆಗೂ ಅರಿವಳಿಕೆ ಕೊಡಬೇಕಾಗುತ್ತದೆ.

ರಾಬ್ಡೋಮಯೋಸಾರ್ಕೋಮದ ಶಂಕೆ ಬಂದರೆ ಗಡ್ಡೆಯ ಒಂದು ಚೂರನ್ನು ತಡಮಾಡದೆ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ಆದರೆ ರೆಟಿನೋಬ್ಲಾಸ್ಟೋಮ ಇರುವ ಕಣ್ಣಿಗೆ ಹೀಗೆ ಸೂಜಿ ಚುಚ್ಚಬಾರದು. ಅಲ್ಲಿಯವರೆಗೆ ಕಣ್ಣುಗುಡ್ಡೆಯ ಬಿಗಿಯಾದ ಹೊದಿಕೆಯೊಳಗೆ ಬಂದಿಯಾಗಿದ್ದ ಕ್ಯಾನ್ಸರ್ ಕಣಗಳಿಗೆ ಆ ತೂತೇ ಬಾಗಿಲಾಗುತ್ತದೆ. ಆದ್ದರಿಂದ ಅಲ್ಲಿ ಅರಿವಳಿಕೆ ಕೊಟ್ಟು ಕಣ್ಣಿನ ಒಳಗೆ ನೋಡಿ, ಗಡ್ಡೆಯಲ್ಲಿರುವ ಸುಣ್ಣದ ಕಣಗಳನ್ನು ಅಲ್ಟ್ರಾಸೌಂಡಿನಲ್ಲಿ ಗುರುತಿಸಿ ನಿರ್ಧರಿಸುತ್ತಾರೆ. ಒಂದೇ ಅಂಗದ ಎರಡು ಕ್ಯಾನ್ಸರ್, ಎರಡಕ್ಕೂ ವಿರುದ್ಧ ನಿಯಮ. ತಜ್ಞರ ಬಳಿಗೇ ಹೋಗಬೇಕೆನ್ನುವುದು ಇದಕ್ಕಾಗಿ.

ಶಸ್ತ್ರಚಿಕಿತ್ಸೆಯ ದಾರಿಗಳು

ಕಣ್ಣುಗೂಡಿನ ಗಡ್ಡೆಯನ್ನು ತಲುಪಲು ಮೂರು ಮುಖ್ಯ ದಾರಿಗಳಿವೆ. ಗಡ್ಡೆ ಮುಂಭಾಗದಲ್ಲಿದ್ದರೆ ರೆಪ್ಪೆಯ ಮಡಿಕೆಯಲ್ಲೋ ಹುಬ್ಬಿನ ಅಂಚಿನಲ್ಲೋ ರೆಪ್ಪೆಯ ಒಳಮೈಯಲ್ಲೋ ಕೊಯ್ದು ಹೋಗುತ್ತಾರೆ. ಗಾಯ ಮಾಗಿದ ಮೇಲೆ ಗುರುತು ಮಡಿಕೆಯಲ್ಲೇ ಮರೆಯಾಗುತ್ತದೆ. ಗಡ್ಡೆ ಆಳದಲ್ಲಿದ್ದರೆ ಪಕ್ಕದ ಮೂಳೆಯ ಒಂದು ತುಂಡನ್ನು ಕಿಟಕಿಯ ಬಾಗಿಲಿನಂತೆ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲಿಯೇ ಕೂರಿಸುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕ್ರೋನ್‌ಲೈನ್ ತೋರಿಸಿಕೊಟ್ಟ ಈ ದಾರಿ ಸುಧಾರಣೆಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಗಡ್ಡೆ ಗೂಡಿನ ತುದಿಯಲ್ಲಿದ್ದರೆ ಅಥವಾ ಮಿದುಳಿನ ಕಡೆ ಚಾಚಿದ್ದರೆ ನರಶಸ್ತ್ರತಜ್ಞರು ಮೇಲಿನಿಂದ, ತಲೆಬುರುಡೆಯನ್ನು ತೆರೆದು ಹೋಗುತ್ತಾರೆ.

ಮಗುವಿನ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವೆಂದು ಹಿಡಿದರೆ, 10 ಕಿಲೋ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 800 ಮಿಲಿಲೀಟರ್, ಒಂದು ಲೀಟರ್ ಕೂಡ ಇಲ್ಲ. ದೊಡ್ಡವರಿಗೆ ಲೆಕ್ಕಕ್ಕಿಲ್ಲದ 80 ಮಿಲಿಲೀಟರ್ ನಷ್ಟ ಆ ಮಗುವಿನ ರಕ್ತದ ಹತ್ತನೆಯ ಒಂದು ಪಾಲು. ಆದ್ದರಿಂದಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಪ್ರತಿ ಸಣ್ಣ ನಾಳವನ್ನೂ ಸುಟ್ಟು ಮುಚ್ಚಿಕೊಂಡು ಮುಂದುವರಿಯುತ್ತಾರೆ. ಮಕ್ಕಳ ಅರಿವಳಿಕೆ ತಜ್ಞರಿಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಮೇಲೆ ಒಳಗೆ ರಕ್ತ ಸೋರಿ ತುಂಬಿದರೆ ದೃಷ್ಟಿನರ ನಲುಗುತ್ತದೆ. ನೋವು ತಟ್ಟನೆ ಹೆಚ್ಚಿದರೆ, ಮಗು ಕಾಣಿಸುತ್ತಿಲ್ಲ ಎಂದರೆ ಬೆಳಗಾಗಲೆಂದು ಕಾಯದೆ ಆಗಲೇ ವೈದ್ಯರಿಗೆ ತಿಳಿಸಬೇಕು.

ಎಷ್ಟು ಕತ್ತರಿಸಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಹಿಂದೆ ವೈದ್ಯರಲ್ಲೂ ಇತ್ತು. ರಾಬ್ಡೋಮಯೋಸಾರ್ಕೋಮಕ್ಕೆ ಕಣ್ಣು, ಸ್ನಾಯು, ಕೊಬ್ಬು ಎಲ್ಲವನ್ನೂ ಸೇರಿಸಿ ಗೂಡನ್ನೇ ಬರಿದು ಮಾಡುತ್ತಿದ್ದರು. ಅಷ್ಟಾದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಳಿಯುತ್ತಿರಲಿಲ್ಲ, ಏಕೆಂದರೆ ಕಣ್ಣಿಗೆ ಕಾಣದ ಕಣಗಳು ಆಗಲೇ ದೇಹದಲ್ಲಿ ಹರಡಿರುತ್ತಿದ್ದವು. 1972ರಲ್ಲಿ ಅಮೆರಿಕದಲ್ಲಿ ಅನೇಕ ಆಸ್ಪತ್ರೆಗಳು ಸೇರಿ ಆರಂಭಿಸಿದ ಅಧ್ಯಯನಗಳು ದಾರಿ ಬದಲಿಸಿದವು. ಬಯಾಪ್ಸಿ ಮಾಡಿ, ಕಿಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆ ಕೊಟ್ಟರೆ ಕಣ್ಣುಗೂಡಿಗೆ ಸೀಮಿತವಾದ ಈ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು, ಬಹಳಷ್ಟು ಸಲ ಕಣ್ಣಿನ ಸಮೇತ, ಉಳಿಯುತ್ತಾರೆಂದು ಅವು ತೋರಿಸಿದವು.

ಕಣ್ಣು ತೆಗೆಯಲೇಬೇಕಾದಾಗ

ರೆಟಿನೋಬ್ಲಾಸ್ಟೋಮ ಚಿಕ್ಕದಿದ್ದಾಗ ಲೇಸರ್, ಶೀತಚಿಕಿತ್ಸೆ, ಕಿಮೋಥೆರಪಿಗಳಿಂದ ಕಣ್ಣನ್ನು ಉಳಿಸಿಕೊಳ್ಳಬಹುದು. ಗಡ್ಡೆ ಕಣ್ಣನ್ನೆಲ್ಲ ತುಂಬಿ ನೋಟ ಹೋಗಿದ್ದರೆ ಕಣ್ಣುಗುಡ್ಡೆಯನ್ನು ತೆಗೆಯುವುದೇ ಪ್ರಾಣ ಉಳಿಸುವ ದಾರಿ. 1809ರಲ್ಲಿಯೇ ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್ರಾಪ್ ಈ ಸಲಹೆ ಕೊಟ್ಟಿದ್ದರು. ಶಸ್ತ್ರಚಿಕಿತ್ಸಕರು ಸ್ನಾಯುಗಳನ್ನು ಬಿಡಿಸಿ, ದೃಷ್ಟಿನರವನ್ನು ಸಾಧ್ಯವಾದಷ್ಟು ಉದ್ದವಾಗಿ, ಸಾಮಾನ್ಯವಾಗಿ 10 ಮಿಲಿಮೀಟರಿಗಿಂತ ಹೆಚ್ಚು, ಸೇರಿಸಿ ಕತ್ತರಿಸುತ್ತಾರೆ. ತೆಗೆದ ಕಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿ, ನರದ ಕತ್ತರಿಸಿದ ತುದಿಯಲ್ಲಿ ಕ್ಯಾನ್ಸರ್ ಕಣಗಳಿವೆಯೇ ಎಂದು ನೋಡುತ್ತಾರೆ. ಮುಂದೆ ಕಿಮೋಥೆರಪಿ ಬೇಕೇ ಬೇಡವೇ ಎಂಬುದು ಆ ವರದಿಯಿಂದ ತೀರ್ಮಾನವಾಗುತ್ತದೆ.

ಕ್ಯಾನ್ಸರ್ ಆಗಲೇ ಕಣ್ಣುಗೂಡಿಗೆ ಹರಡಿದ್ದರೆ ಕ್ರಮ ಬೇರೆ. ಮೊದಲು ಕಿಮೋಥೆರಪಿಯಿಂದ ಗಡ್ಡೆಯನ್ನು ಕುಗ್ಗಿಸಿ, ಅನಂತರ ಶಸ್ತ್ರಚಿಕಿತ್ಸೆ ಮಾಡಿ, ವಿಕಿರಣ ಕೊಟ್ಟು, ಮತ್ತೆ ತಿಂಗಳುಗಟ್ಟಲೆ ಕಿಮೋಥೆರಪಿ ಮುಂದುವರಿಸುತ್ತಾರೆ.

ಖಾಲಿಯಾದ ಗೂಡನ್ನು ಹಾಗೇ ಬಿಡುವಂತಿಲ್ಲ. ಮಗುವಿನ ಮುಖದ ಮೂಳೆ ಬೆಳೆಯಲು ಗೂಡಿನೊಳಗೆ ತುಂಬಿರುವ ವಸ್ತುವೂ ಪ್ರಚೋದನೆ ಕೊಡುತ್ತದೆ. ಖಾಲಿ ಬಿಟ್ಟರೆ ಆ ಪಕ್ಕ ಕುಗ್ಗಿ ಉಳಿಯುತ್ತದೆ. ಅದಕ್ಕಾಗಿ ಗೋಲಿಯಂಥ ಒಂದು ಗುಂಡನ್ನು ಒಳಗೆ ಕೂರಿಸಿ ಸ್ನಾಯುಗಳನ್ನು ಅದಕ್ಕೆ ಹೊಂದಿಸಿ ಹೊಲಿಯುತ್ತಾರೆ. ಸುಮಾರು ಆರು ವಾರ ಕಳೆದು ಗಾಯ ಮಾಗಿದ ಮೇಲೆ ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದುವ ಕೃತಕ ಕಣ್ಣನ್ನು ಹಾಕುತ್ತಾರೆ. ಅದು ದುಂಡಗಿನ ಗುಡ್ಡೆಯಲ್ಲ, ಚಿಪ್ಪಿನಂಥ ಒಂದು ತುಂಡು. ಸ್ವಲ್ಪ ಮಟ್ಟಿಗೆ ಹೊರಳಲೂ ಬಲ್ಲದು. ಮಗು ಬೆಳೆದಂತೆ ಅದನ್ನೂ ಬದಲಾಯಿಸಬೇಕು.

ಈ ಕ್ಯಾನ್ಸರಿಗೆ ಕಾರಣ 13ನೇ ವರ್ಣತಂತುವಿನ ಮೇಲಿರುವ ಆರ್.ಬಿ.1 ಎಂಬ ಜೀನಿನ ದೋಷ. ಒಂದು ಕಣದಲ್ಲಿ ಈ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಕ್ಯಾನ್ಸರ್ ಹುಟ್ಟುತ್ತದೆ ಎಂಬ ವಿವರಣೆಯನ್ನು 1971ರಲ್ಲಿ ಆಲ್ಫ್ರೆಡ್ ನಡ್ಸನ್ ಮುಂದಿಟ್ಟರು. ಕೆಲವು ಮಕ್ಕಳಿಗೆ ಒಂದು ಕೆಟ್ಟ ಪ್ರತಿ ಹುಟ್ಟಿನಿಂದಲೇ ಇರುತ್ತದೆ. ಅಂಥವರಿಗೆ ಎರಡೂ ಕಣ್ಣಿಗೆ ಅಪಾಯ. ಆದ್ದರಿಂದ ಒಂದು ಮಗುವಿಗೆ ರೋಗ ಕಂಡರೆ ಅದರ ತಮ್ಮ ತಂಗಿಯರ ಕಣ್ಣನ್ನೂ ಪರೀಕ್ಷಿಸುತ್ತಾರೆ. ಇದು ಯಾರ ಶಾಪವೂ ಅಲ್ಲ, ಗ್ರಹಣದ ಫಲವೂ ಅಲ್ಲ, ತಾಯಿಯ ತಪ್ಪಂತೂ ಖಂಡಿತ ಅಲ್ಲ.

ಊರಿನಿಂದ ಆಸ್ಪತ್ರೆಗೆ

ಕೃಷ್ಣರಾಜಪೇಟೆಯ ಒಳಹಳ್ಳಿಯ ಒಬ್ಬ ತಾಯಿ ಮಗುವಿನ ಕಣ್ಣಪಾಪೆಯಲ್ಲಿ ಬಿಳಿ ಹೊಳಪು ಕಂಡಳೆಂದು ಭಾವಿಸೋಣ. ದೃಷ್ಟಿ ತಗುಲಿದೆ ಎಂದು ಅತ್ತೆ ನಿವಾಳಿಸಿ ತೆಗೆಯುತ್ತಾರೆ, ನೆರೆಯವರು ಸೊಪ್ಪಿನ ರಸ ಬಿಡಲು ಹೇಳುತ್ತಾರೆ. ನಿವಾಳಿಸುವುದರಿಂದ ಕೇಡಿಲ್ಲ. ಆದರೆ ಕಣ್ಣಿಗೆ ರಸ ಬಿಡುವುದರಿಂದ ಸೋಂಕು ತಗುಲಬಹುದು, ಕಾಯುವುದರಿಂದ ಕ್ಯಾನ್ಸರ್ ಹರಡಬಹುದು.

ಮೊದಲು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ತಾಲ್ಲೂಕು ಆಸ್ಪತ್ರೆಯಿಂದ ಮುಂದೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕಳಿಸುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ನಾಗಮಂಗಲದವರಿಗೆ ತಮ್ಮ ತಾಲ್ಲೂಕಿನಲ್ಲಿಯೇ, ಬೆಳ್ಳೂರಿನ ಬಳಿಯ ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಗಡ್ಡೆಯ ಶಂಕೆ ಖಚಿತವಾದರೆ ಬೆಂಗಳೂರಿಗೆ ಹೋಗಬೇಕಾಗಬಹುದು. 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಮತ್ತು 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅಲ್ಲಿವೆ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ಪಡೆದ ಶಿಫಾರಸು ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. 'ಕಣ್ಣು ತೆಗೆಯಬೇಕು' ಎಂಬ ಮಾತು ಕೇಳಿ ಎದ್ದು ಬಂದುಬಿಡುವ ತಂದೆ ತಾಯಿಗಳಿದ್ದಾರೆ. ಅವರ ಸಂಕಟ ಸಹಜ. ಆದರೆ ಆ ಕಣ್ಣಿನಲ್ಲಿ ನೋಟ ಆಗಲೇ ಹೋಗಿರುತ್ತದೆ, ಉಳಿದಿರುವುದು ರೋಗ ಮಾತ್ರ ಎಂಬುದನ್ನು ಯಾರಾದರೂ ಅವರಿಗೆ ಸಮಾಧಾನದಿಂದ ತಿಳಿಹೇಳಬೇಕು. ಕಿಮೋಥೆರಪಿ ನಡೆಯುವಾಗ ಕಬ್ಬು ಕಡಿಯುವ ಕಾಲವೆಂದೋ, ಭತ್ತದ ನಾಟಿಯೆಂದೋ, ಬಸ್ಸಿನ ಖರ್ಚಿಗೆ ದುಡ್ಡಿಲ್ಲವೆಂದೋ ಒಂದು ಸರದಿ ತಪ್ಪಿದರೆ ಅಳಿದುಳಿದ ಕಣಗಳು ಮತ್ತೆ ತಲೆಯೆತ್ತುತ್ತವೆ. ಮಗು ಆಟವಾಡುತ್ತಿದೆ, ಇನ್ನೇಕೆ ಆಸ್ಪತ್ರೆ ಎಂದು ನಿಲ್ಲಿಸುವುದೂ ಅಷ್ಟೇ ಅಪಾಯ.

ನೀವು ಮಾಡಬಹುದಾದದ್ದು

ಈ ಚಿಹ್ನೆಗಳನ್ನು ನೆನಪಿಡಿ: ಕಣ್ಣಪಾಪೆಯಲ್ಲಿ ಬಿಳಿ ಹೊಳಪು, ಹೊಸದಾಗಿ ಬಂದ ಮಾಲುಗಣ್ಣು, ಒಂದು ಕಣ್ಣು ಮುಂದಕ್ಕೆ ಉಬ್ಬುವುದು, ರೆಪ್ಪೆ ಜೋಲುವುದು, ಹುಬ್ಬಿನ ಬಳಿ ಬೆಳೆಯುವ ಗಂಟು, ಕಾರಣವಿಲ್ಲದೆ ಕಣ್ಣಿನ ಸುತ್ತ ಕಪ್ಪುಗಟ್ಟುವುದು. ಇವೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಎಲ್ಲವನ್ನೂ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ಕಣ್ಣು ದಿನದಿಂದ ದಿನಕ್ಕೆ ಉಬ್ಬುತ್ತಿದ್ದರೆ, ಜ್ವರ ನೋವು ಇದ್ದರೆ ಅಂದೇ ತೋರಿಸಬೇಕು.

ಎರಡನೆಯ ಕೆಲಸ ಶಾಲೆಯಲ್ಲಿದೆ. ಕೃತಕ ಕಣ್ಣಿನ ಮಗುವೊಂದು ನಿಮ್ಮ ತರಗತಿಗೆ ಬರಬಹುದು. ಒಂದು ಕಣ್ಣಿನಿಂದಲೇ ಓದಬಹುದು, ಬರೆಯಬಹುದು, ಆಡಬಹುದು. ದೂರವನ್ನು ಅಂದಾಜು ಮಾಡುವುದು ಮೊದಮೊದಲು ಕಷ್ಟವಾದರೂ ಮಕ್ಕಳು ಅದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. ಉಳಿದ ಒಂದು ಕಣ್ಣಿಗೆ ಪೆಟ್ಟಾಗದಂತೆ ಒಡೆಯದ ಕನ್ನಡಕ ಹಾಕಿಕೊಳ್ಳಬೇಕು. ಚಿನ್ನಿದಾಂಡು ಆಡುವಾಗ, ಕಬ್ಬಿನ ಗದ್ದೆಯಲ್ಲಿ ಓಡುವಾಗ ಎಚ್ಚರ ಬೇಕು. ಆ ಮಗುವನ್ನು 'ಒಕ್ಕಣ್ಣ' ಎಂದು ಕೂಗುವ ಒಂದು ಮಾತು ಅದನ್ನು ಶಾಲೆ ಬಿಡಿಸಬಲ್ಲದು, ಪಕ್ಕದಲ್ಲಿ ಜಾಗ ಕೊಟ್ಟು ಕೂರಿಸಿಕೊಳ್ಳುವ ಒಬ್ಬ ಗೆಳೆಯ ಅದನ್ನು ಶಾಲೆಯಲ್ಲಿ ಉಳಿಸಬಲ್ಲ. ಆಸ್ಪತ್ರೆಯಲ್ಲಿ ಉಳಿದ ಜೀವ ಊರಿನಲ್ಲಿ ನೆಮ್ಮದಿಯಾಗಿ ಬೆಳೆದರೆ ಮಾತ್ರ ಶಸ್ತ್ರಚಿಕಿತ್ಸೆ ಪೂರ್ಣವಾದಂತೆ. ಆ ಕೊನೆಯ ಭಾಗ ನಿಮ್ಮ ಕೈಯಲ್ಲಿದೆ.